ಹಳೆಯ ಪಂಕ್ ಷೋ ಕ್ಯಾಸೆಟ್: ಯಾವ ಡೆಕ್, ಎಷ್ಟು ರಿಪೇರಿ, ಎಲ್ಲಿ ಹಂಚಿಕೆ

1980ರ ದಶಕದ ಯಾವುದೋ ಪಂಕ್ ಷೋ, ಅಂದರೆ ಜೋರಾದ, ಒರಟು ರಾಕ್ ಸಂಗೀತದ ಕಾರ್ಯಕ್ರಮ. ಗುಂಪಿನ ನಡುವೆ ನಿಂತ ಒಬ್ಬರು ಕೋಟಿನ ಒಳಜೇಬಿನಲ್ಲಿ ರೆಕಾರ್ಡರ್ ಇಟ್ಟುಕೊಂಡು ಹಿಡಿದದ್ದು. ಲೇಬಲ್ಲಿನ ಮೇಲೆ ಬಾಲ್‌ಪೆನ್ನಿನಲ್ಲಿ ಬ್ಯಾಂಡಿನ ಹೆಸರು, ಒಂದು ತಾರೀಕು, ಅಷ್ಟೇ. ಇಂಥ ಕ್ಯಾಸೆಟ್ ಕೈಗೆ ಬಂದವರು ಮೊದಲು ಕೇಳುವುದು, ನಾಯ್ಸ್ ತೆಗೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸದ್ದು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಯುವ ಹೊತ್ತಿಗೇ ಮುಕ್ಕಾಲು ತೀರ್ಮಾನ ಆಗಿಹೋಗಿರುತ್ತದೆ. ಪಂಕ್ ವಿಷಯದಲ್ಲಂತೂ ಸಾಫ್ಟ್‌ವೇರ್ ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು. ಡಿಸ್ಟಾರ್ಷನ್ ಹಾಕಿ ಒರಟು ಮಾಡಿದ ಗಿಟಾರು, ಸಿಂಬಲ್ಲು (ಡ್ರಮ್ಸಿನ ಲೋಹದ ತಟ್ಟೆ), ಟೇಪಿನ ಹಿಸ್ಸು (ಹಿನ್ನೆಲೆಯ ಸುಯ್ ಸದ್ದು), ಮೂರೂ ಅದರ ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ.

ಹಾಗಾಗಿ ದುಡ್ಡು, ಸಮಯ ಎರಡನ್ನೂ ಮೊದಲು ಡೆಕ್ಕಿಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಹಾಕಿ.

ಪ್ಲೇ ಒತ್ತುವ ಮುಂಚೆ

ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಆಗ ಏನೂ ಅಳಿಯುವುದಿಲ್ಲ. ಕಿಟಕಿಯಿಂದ ರೀಲಿನ ಅಂಚು ನೋಡಿ: ಬಿಳಿ ಪುಡಿಯಂತೆ ಕಂಡರೆ ಬೂಷ್ಟು. ಕರಾವಳಿಯ ಮನೆಗಳಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳಿಗೆ ಹಿಡಿಯುವಂಥದ್ದೇ. ಅದನ್ನು ಒಳ್ಳೆಯ ಡೆಕ್ಕಿಗೆ ಹಾಕಿದರೆ ರೀಲಿನಿಂದ ಸದ್ದು ಓದುವ ಹೆಡ್ಡಿಗೂ, ಆಮೇಲೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಅಂಟುತ್ತದೆ. ಮಾಸ್ಕ್ ಹಾಕಿಕೊಂಡು, ಕವಚ ಬಿಚ್ಚಿ, ರೀಲಿನ ಅಂಚನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಆಮೇಲೆ ಹಾಳಾದರೂ ಚಿಂತೆಯಿಲ್ಲ ಎನ್ನುವಂಥ ಒಂದು ಪ್ಲೇಯರಿನಲ್ಲಿ ಒಮ್ಮೆ ಪೂರ್ತಿ ಓಡಿಸಿ.

ಹೆಡ್ಡಿಗೆ ರೀಲನ್ನು ಒತ್ತುವ ಸ್ಪಂಜಿನ ಪ್ಯಾಡ್ ಬಿದ್ದುಹೋಗಿದ್ದರೆ ಸದ್ದು ಕಂಬಳಿ ಹೊದ್ದಂತೆ ಮಂಕಾಗಿರುತ್ತದೆ. ರೀಲನ್ನು ಬೇರೆ ಕವಚಕ್ಕೆ ಬದಲಾಯಿಸಬೇಕು. ಐದು ಸ್ಕ್ರೂ ಇರುವ ಕವಚವನ್ನೇ ಆರಿಸಿಕೊಳ್ಳಿ, ಅಂಟಿಸಿದ್ದು ಬೇಡ. ಇಲ್ಲಿ ಬಹಳ ಜನ ಎಡವುತ್ತಾರೆ: ಮೂಲ ಕ್ಯಾಸೆಟ್ ಕ್ರೋಮ್ ಎಂಬ ಬಗೆಯದಾಗಿದ್ದರೆ ಹೊಸ ಕವಚದ ನೆತ್ತಿಯ ಮೇಲೂ ಕ್ರೋಮಿನ ಗುರುತಿನ ಗುಳಿಗಳಿರಬೇಕು. ಡೆಕ್ ಆ ಗುಳಿ ನೋಡಿಯೇ 70 ಮೈಕ್ರೋಸೆಕೆಂಡಿನ ಇಕ್ವಲೈಸೇಷನ್ (ಮೇಲಿನ ಸ್ವರಗಳ ಮಟ್ಟದ ಹೊಂದಾಣಿಕೆ) ಹಾಕುತ್ತದೆ. ಗುಳಿಯಿಲ್ಲದಿದ್ದರೆ 120ರದ್ದು ಬಿದ್ದು ಮೇಲಿನ ಸ್ವರಗಳ ಮಟ್ಟವೇ ಬದಲಾಗುತ್ತದೆ. ರೀಲು ತುಂಡಾಗಿದ್ದರೆ ಕ್ಯಾಸೆಟ್ಟಿಗೆಂದೇ ಬರುವ 3.8 ಮಿ.ಮೀ. ಸ್ಪ್ಲೈಸಿಂಗ್ ಟೇಪು ಬಳಸಿ. ಸೆಲೋಟೇಪಿನ ಅಂಟು ತಿಂಗಳೊಪ್ಪತ್ತಿನಲ್ಲಿ ಒಸರಿ ಪಕ್ಕದ ಸುತ್ತಿಗೆ ಮೆತ್ತಿಕೊಳ್ಳುತ್ತದೆ.

ಸಿ-120 (ಎರಡೂ ಬದಿ ಸೇರಿ 120 ನಿಮಿಷದ ಕ್ಯಾಸೆಟ್) ಆಗಿದ್ದರೆ ಇನ್ನಷ್ಟು ಜೋಪಾನ. ಸಿ-60ರ ರೀಲು ಸುಮಾರು 18 ಮೈಕ್ರಾನ್ ದಪ್ಪ, ಸಿ-90ರದ್ದು 12, ಸಿ-120ರದ್ದು 9ರ ಆಸುಪಾಸು. ಫಾಸ್ಟ್ ಫಾರ್ವರ್ಡ್ ಮಾಡಿದರೆ ಹಿಗ್ಗುತ್ತದೆ, ಇಲ್ಲವೇ ರೀಲನ್ನು ಎಳೆಯುವ ರಬ್ಬರ್ ಗಾಲಿಗೆ (ಪಿಂಚ್ ರೋಲರ್) ಸುತ್ತಿಕೊಳ್ಳುತ್ತದೆ. ಪ್ಲೇ ಮಾಡಿಯೇ ತುದಿ ಮುಟ್ಟಿಸಿ, ಇಲ್ಲವೇ ಪೆನ್ಸಿಲ್ ಹಾಕಿ ಕೈಯಲ್ಲೇ ಸುತ್ತಿ.

ಡೆಕ್: ಯುಎಸ್‌ಬಿ ಪ್ಲೇಯರೋ, ಹಳೆಯ ಡೆಕ್ಕೋ, ಬೇರೆಯವರಿಗೆ ಕೊಡುವುದೋ

ಆನ್‌ಲೈನಿನಲ್ಲಿ ಸಿಗುವ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಅಗ್ಗ, ಜೇಬಿಗೆ ಹಿಡಿಯುತ್ತದೆ, ಒಂದೇ ವೈರು. ಲೇಬಲ್ ಇಲ್ಲದ ಐವತ್ತು ಕ್ಯಾಸೆಟ್ಟಿನಲ್ಲಿ ಏನೇನಿದೆ ಎಂದು ಕೇಳಿ ವಿಂಗಡಿಸಲು ಅದು ಸಾಕು. ಅಂತಿಮ ಪ್ರತಿಗೆ ಬೇಡ. ಮೋಟರು, ಫ್ಲೈವೀಲು ಹಗುರ. ವೇಗ ಒಂದೇ ಸಮ ನಿಲ್ಲುವುದಿಲ್ಲ, ಎಳೆದು ಬಿಟ್ಟ ಗಿಟಾರ್ ಸ್ವರ ನಡುಗುತ್ತದೆ. ಒಮ್ಮೆ ಫೈಲಿಗೆ ಇಳಿದ ಆ ನಡುಕವನ್ನು ಆಮೇಲೆ ಬಿಡಿಸುವುದು ಮಹಾ ಕಷ್ಟ. ಹಿಸ್ಸು ತಗ್ಗಿಸುವ ಡಾಲ್ಬಿ ಇರುವುದಿಲ್ಲ. ಹೆಡ್ಡಿನ ಕೋನ ಹೊಂದಿಸುವ ಸ್ಕ್ರೂ ಕೈಗೆ ಸಿಗುವುದು ಅಪರೂಪ.

1980-90ರ ದಶಕದ ಒಳ್ಳೆಯ ಡೆಕ್ಕನ್ನು ಸೆಕೆಂಡ್‌ಹ್ಯಾಂಡ್ ಕೊಂಡು ಬೆಲ್ಟ್ ಬದಲಾಯಿಸಿಕೊಳ್ಳುವುದು ಹೆಚ್ಚಿನವರಿಗೆ ಸರಿಹೋಗುವ ದಾರಿ. ಬೆಲ್ಟಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತುವವರು ಹಳೆಯ ಬೆಲ್ಟನ್ನೇ ಅಳತೆಗೆ ಒಯ್ಯಬಾರದು, ಅದು ಹಿಗ್ಗಿರುತ್ತದೆ. ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದು, ಅದಕ್ಕಿಂತ ನೂರಕ್ಕೆ 5ರಿಂದ 8ರಷ್ಟು ಚಿಕ್ಕದನ್ನು ಕೇಳಿ. ಹಳೆಯದು ಕರಗಿ ಡಾಂಬರಿನಂತೆ ಆಗಿದ್ದರೆ ಪುಲ್ಲಿಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಚೊಕ್ಕಟವಾಗಿ ಒರೆಸಿದ ಮೇಲೆಯೇ ಹೊಸದು ಹಾಕಬೇಕು. ಚೂರು ಉಳಿದರೂ ವೇಗ ಕುಂಟುತ್ತದೆ. ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್ಕಿಗಿಂತ ಒಂದೇ ಕ್ಯಾಸೆಟ್ ಹಿಡಿಯುವ, ಮೂರು ಹೆಡ್ಡಿನ ಡೆಕ್ ಮೇಲು. 1982ರ ನಾಕಮಿಚಿ ಡ್ರಾಗನ್ ಹೆಡ್ಡಿನ ಕೋನವನ್ನು ತಾನೇ ಸರಿಮಾಡಿಕೊಳ್ಳುತ್ತದೆ ಎಂದು ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ನೂರಾರು ಕ್ಯಾಸೆಟ್ ಇದ್ದವರಿಗೆ ಆ ಬೆಲೆ ಸರಿ. ಹತ್ತಿಪ್ಪತ್ತು ಇದ್ದವರಿಗೆ ಒಂದು ಸ್ಕ್ರೂಡ್ರೈವರು, ಎರಡು ಕಿವಿ ಸಾಕು.

ಆ ಸ್ಕ್ರೂವಿನ ವಿಷಯ ಬಿಡಿಸಿ ಹೇಳಬೇಕು. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂ.ಮೀ. ಓಡುತ್ತದೆ. ಅಂದರೆ 10,000 ಹರ್ಟ್ಸಿನ ಒಂದು ಅಲೆ ರೀಲಿನ ಮೇಲೆ ಬರೀ 4.76 ಮೈಕ್ರಾನ್ ಉದ್ದ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಒಂದು ಕೂದಲೆಳೆ ವಾಲಿದ್ದು, ನಿಮ್ಮ ಹೆಡ್ಡು ನೆಟ್ಟಗಿದ್ದರೆ ಅಷ್ಟು ಚಿಕ್ಕ ಅಲೆ ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತದೆ. ಸಿಂಬಲ್ಲಿನ ಸದ್ದು ಮಾಯ. ಕ್ಯಾಸೆಟ್ಟೇ ಹಾಳಾಗಿದೆ ಎಂದು ಬಿಸಾಡಿದ ಎಷ್ಟೋ ಪ್ರತಿಗಳಲ್ಲಿ ಹಾಳಾಗಿದ್ದದ್ದು ಈ ಕೋನವೊಂದೇ.

ಡೆಕ್ಕಿನ ಬಾಗಿಲ ಮುಚ್ಚಳ ತೆಗೆದರೆ ಹೆಡ್ಡಿನ ಒಂದು ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಕಾಣುತ್ತದೆ. ಮೊದಲು ಅದರ ತಲೆಯ ಮೇಲೊಂದು, ಪಕ್ಕದಲ್ಲೊಂದು ಉಗುರುಬಣ್ಣದ ಚುಕ್ಕೆ ಇಡಿ, ಮತ್ತೆ ಹಳೆಯ ಜಾಗಕ್ಕೆ ತರಲು. ಅಯಸ್ಕಾಂತದ ತುದಿಯ ಸ್ಕ್ರೂಡ್ರೈವರ್ ಬೇಡವೇ ಬೇಡ. ಸಿಂಬಲ್ ಜೋರಾಗಿರುವ ಜಾಗ ಹಾಕಿ, ಎಡ-ಬಲ ಕೂಡಿಸಿ ಮೋನೋದಲ್ಲಿ ಹೆಡ್‌ಫೋನಿನಲ್ಲಿ ಕೇಳುತ್ತ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ. ಸಾಮಾನ್ಯವಾಗಿ ಕಾಲು ಸುತ್ತಿನೊಳಗೇ ಸಿಗುತ್ತದೆ. ಸರಿಯಾದ ಜಾಗ ಬಂದಾಗ ಮಂಜು ಸರಿದಂತೆ ಹಿಸ್ಸೂ ಸಿಂಬಲ್ಲೂ ಒಟ್ಟಿಗೆ ಮುಂದಕ್ಕೆ ಬರುತ್ತವೆ. ಹಿಸ್ಸು ಜಾಸ್ತಿಯಾಯಿತಲ್ಲ ಎಂದು ಹಿಂದಕ್ಕೆ ತಿರುಗಿಸಬೇಡಿ, ಬೇಕಾದದ್ದೂ ಅದರ ಜೊತೆಗೇ ಇದೆ. ಬಿ ಬದಿಗೆ ಮತ್ತೆ ಹೊಸದಾಗಿ ಹುಡುಕಬೇಕು.

ಮೋನೋ ರೆಕಾರ್ಡರಿನಲ್ಲಿ ಹಿಡಿದದ್ದಾದರೆ ಸ್ಟೀರಿಯೋ ಡೆಕ್ಕಿನ ಎರಡು ಚಾನೆಲ್ಲಿನಲ್ಲೂ ಅದೇ ಸದ್ದು ಬರುತ್ತದೆ. ಎರಡನ್ನೂ ಕೂಡಿಸಿದರೆ ಹಿಸ್ಸು ಸ್ವಲ್ಪ ತಗ್ಗುವುದು ನಿಜ. ಆದರೆ ರೀಲು ಅಲ್ಲಲ್ಲಿ ಓರೆಯಾಗಿ ಓಡುವಾಗ ವಿಮಾನ ಹಾದುಹೋದಂಥ ಸುಳಿ ಕೇಳಿಸುತ್ತದೆ. ಒಂದೇ ಚಾನೆಲ್ ಇಟ್ಟುಕೊಳ್ಳುವುದು ಲೇಸು, ಅದರಲ್ಲೂ ಬಲದ್ದು. ಎಡ ಚಾನೆಲ್ ರೀಲಿನ ಹೊರ ಅಂಚಿನಲ್ಲಿರುವುದರಿಂದ ಮಡಚಿಕೊಂಡು ಪೆಟ್ಟು ತಿನ್ನುವುದು ಮೊದಲು ಅದೇ.

ಡಾಲ್ಬಿ: ಸಾಮಾನ್ಯ ಮೋನೋ ರೆಕಾರ್ಡರುಗಳಲ್ಲಿ ಇರಲೇ ಇಲ್ಲ. ಸೋನಿಯ ಟಿಸಿ-ಡಿ5ಎಂ, ಡಬ್ಲ್ಯೂಎಂ-ಡಿ6ಸಿ ಥರದ್ದು ಒಯ್ದವರ ಟೇಪಿನಲ್ಲಿ ಇರಬಹುದು. ಲೇಬಲ್ಲಿನಲ್ಲಿ ಹೇಳಿಲ್ಲದಿದ್ದರೆ ಆಫ್ ಇಟ್ಟೇ ಇಳಿಸಿ. ಹೇಳಿದ್ದರೂ ಹೆಡ್ಡಿನ ಕೋನ ಸರಿಮಾಡಿದ ಮೇಲೆಯೇ ಆನ್ ಮಾಡಿ. ಮೇಲಿನ ಸ್ವರ ಮೊದಲೇ ಕುಗ್ಗಿದ್ದರೆ ಡಾಲ್ಬಿ ಅದನ್ನು ಇನ್ನೂ ಕುಗ್ಗಿಸುತ್ತದೆ.

ಮೂರನೆಯ ದಾರಿ, ಕಸುಬಿನವರಿಗೆ ಕೊಡುವುದು. ಬೂಷ್ಟು ಹಿಡಿದದ್ದು, ತುಂಡಾದದ್ದು, ಜಗತ್ತಿನಲ್ಲಿ ಇದೊಂದೇ ಮೂಲ ಪ್ರತಿ ಎಂದು ಗೊತ್ತಿರುವುದು, ಇಂಥವಕ್ಕೆ ಇದೇ ಸರಿ. ಕೊಡುವ ಮುಂಚೆ ಎರಡು ಮಾತು ಕೇಳಿ: ಪ್ರತಿ ಬದಿಗೂ ಹೆಡ್ಡಿನ ಕೋನ ಹೊಂದಿಸುತ್ತೀರಾ, ಏನೂ ಶುದ್ಧಿ ಮಾಡದ ಫೈಲು ಕೊಡುತ್ತೀರಾ? ಎರಡಕ್ಕೂ ತಟ್ಟನೆ ಹೌದು ಬರದಿದ್ದರೆ ಕ್ಯಾಸೆಟ್ ವಾಪಸ್ ತನ್ನಿ. ವಾಷಿಂಗ್ಟನ್ ಡಿಸಿ ಸುತ್ತಮುತ್ತ ಇರುವ ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ: ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಮೆಮೊರಿ ಲ್ಯಾಬಿನಲ್ಲಿ ನೀವೇ ಕೂತು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

(ಕ್ಯಾಸೆಟ್ಟಲ್ಲದೆ ಮಿನಿಡಿಸ್ಕ್ ಎಂಬ ಪುಟ್ಟ ಡಿಜಿಟಲ್ ಡಿಸ್ಕ್ ಸಿಕ್ಕಿದರೆ ಹೆಡ್‌ಫೋನ್ ತೂತಿನಿಂದ ಇಳಿಸಬೇಡಿ. ಹಳೆಯ ಧ್ವನಿಮುದ್ರಣವನ್ನು ಯುಎಸ್‌ಬಿ ಮೂಲಕ ನೇರ ಫೈಲಾಗಿ ಕೊಡುವ ಸೋನಿ ಎಂಝಡ್-ಆರ್‌ಎಚ್1 ಎರವಲು ಸಿಗುತ್ತದೋ ನೋಡಿ.)

96ಕ್ಕೆ ಇಳಿಸುವುದೋ 48ಕ್ಕೋ

ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದು ಫೈಲಿಗೆ ಇಳಿಸುವುದು (ಸ್ಯಾಂಪಲ್ ರೇಟ್) ಎಂಬುದರ ಮೇಲೆ ಜಗಳ ಜಾಸ್ತಿ, ವ್ಯತ್ಯಾಸ ಕಡಿಮೆ. 24 ಬಿಟ್ ಬೇಕೇಬೇಕು, ಆಗ ಲೆವೆಲ್ಲನ್ನು ತಗ್ಗಿಸಿಟ್ಟು, ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಬಹುದು. 96 ಕಿಲೋಹರ್ಟ್ಸಿನಲ್ಲಿ ಒಂದು ಸಿ-90 ಸುಮಾರು 3.1 ಜಿಬಿ, 48ರಲ್ಲಿ ಅದರ ಅರ್ಧ. ಜನರ ನಡುವೆ ಹಿಡಿದ ಟೇಪಿಗೆ 48 ಧಾರಾಳ. ವೇವ್ ಫೈಲು 4 ಜಿಬಿ ದಾಟಿದರೆ ಕೆಲವು ಪ್ರೋಗ್ರಾಂಗಳಲ್ಲಿ ತೆರೆಯುವುದಿಲ್ಲ, ಆದ್ದರಿಂದ ಪ್ರತಿ ಬದಿಗೂ ಬೇರೆ ಫೈಲು. ನಡುವೆ ಪಾಝ್ ಒತ್ತಿ ನಿಲ್ಲಿಸಬೇಡಿ. ಈ ಕಚ್ಚಾ ಫೈಲನ್ನು ಫ್ಲ್ಯಾಕ್ (ಸದ್ದು ಕೆಡಿಸದೆ ಗಾತ್ರ ಇಳಿಸುವ ಬಗೆ) ಮಾಡಿ ಎರಡು ಕಡೆ ಇಟ್ಟು, ಕೆಲಸವೆಲ್ಲ ಅದರ ನಕಲಿನ ಮೇಲೆ ಮಾಡಿ.

ವೇಗ: ಕಿವಿಯೋ, ಗುಂಯ್‌ಗುಡುವ ಕರೆಂಟೋ

ರೆಕಾರ್ಡರಿನ ಸೆಲ್ಲು ಇಳಿಯುತ್ತಿದ್ದರೆ ರೆಕಾರ್ಡ್ ಆಗುವಾಗ ರೀಲು ನಿಧಾನ ಓಡಿರುತ್ತದೆ. ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದರೆ ಎಲ್ಲವೂ ಚುರುಕು, ಶ್ರುತಿ ಮೇಲೆ. ಪಂಕ್ ಮೊದಲೇ ಓಡುವ ಸಂಗೀತ, ನೂರಕ್ಕೆ ಮೂರು ಹೆಚ್ಚಾದರೂ ಗೊತ್ತೇ ಆಗುವುದಿಲ್ಲ. ಬ್ಯಾಂಡ್ ಇಷ್ಟು ಫಾಸ್ಟಾಗಿ ನುಡಿಸುತ್ತಿತ್ತಾ ಎಂದು ಖುಷಿಪಡುವವರೂ ಉಂಟು.

ಅದೇ ಹಾಡಿನ ಸ್ಟುಡಿಯೋ ಧ್ವನಿಮುದ್ರಣದ ಜೊತೆ ಶ್ರುತಿ ಹೋಲಿಸುವುದು ಒಂದು ಉಪಾಯ. ನಂಬಿಕೆಗೆ ಅಷ್ಟು ಯೋಗ್ಯವಲ್ಲ, ಸ್ಟೇಜಿನ ಮೇಲೆ ಗಿಟಾರಿನ ಶ್ರುತಿ ಹೇಗಿತ್ತೋ ಯಾರು ಬಲ್ಲರು. ಅದಕ್ಕಿಂತ ಗಟ್ಟಿ ಸಾಕ್ಷಿ, ಕರೆಂಟಿನ ಕಂಪನದಿಂದಲೇ ಬರುವ ಆಂಪ್ಲಿಫೈಯರಿನ ಗುಂಯ್ ಸದ್ದು. ಅಮೆರಿಕದ ಕರೆಂಟು 60 ಹರ್ಟ್ಸ್, ಬ್ರಿಟನ್ನಿನದು 50. ಹಾಡು ಹಾಡಿನ ನಡುವೆ ಹತ್ತು ಸೆಕೆಂಡ್ ಆಂಪ್ ಗುಂಯ್ ಎನ್ನುತ್ತಿರುವ ಜಾಗ ಕತ್ತರಿಸಿಕೊಳ್ಳಿ. ಒಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಆ ತುಂಡಿನ ಸ್ಯಾಂಪಲ್ ರೇಟನ್ನು 8,000ಕ್ಕೆ ಇಳಿಸಿ ಸ್ಪೆಕ್ಟ್ರಂ (ಯಾವ ಹರ್ಟ್ಸಿನಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ) ನೋಡಿ, ಸೈಜು 65536 ಇಟ್ಟು. ಆಗ 0.12 ಹರ್ಟ್ಸಿನಷ್ಟು ಸಣ್ಣ ವ್ಯತ್ಯಾಸವೂ ಕಾಣುತ್ತದೆ. 96,000ದಲ್ಲೇ ನೋಡಿದರೆ ಒಂದೂವರೆ ಹರ್ಟ್ಸಿಗೊಂದು ಗೆರೆ, ಪ್ರಯೋಜನವಿಲ್ಲ.

60 ಇರಬೇಕಾದ ಕಡೆ 61.8 ಕಂಡಿತು ಎನ್ನಿ. 60ನ್ನು 61.8ರಿಂದ ಭಾಗಿಸಿದರೆ 0.971. ವೇಗ ಬದಲಿಸುವ ಎಫೆಕ್ಟಿನಲ್ಲಿ ಈ ಸಂಖ್ಯೆ ಕೊಟ್ಟರಾಯಿತು. 43 ನಿಮಿಷ 41 ಸೆಕೆಂಡಿದ್ದದ್ದು 45 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಟೆಂಪೋ ಮಾತ್ರ, ಪಿಚ್ ಮಾತ್ರ ಬದಲಿಸುವ ಎಫೆಕ್ಟು ಬೇಡ, ಎರಡೂ ಒಟ್ಟಿಗೆ ಇಳಿಯಬೇಕು.

ಎರಡು ಮೋಸ ಇಲ್ಲಿವೆ. ಬಾಸ್ ಗಿಟಾರಿನ ಕೆಳಗಿನ ಬಿ ಸ್ವರ 61.7 ಹರ್ಟ್ಸ್, ಅದನ್ನೇ ಕರೆಂಟು ಎಂದುಕೊಂಡರೆ ಲೆಕ್ಕವೆಲ್ಲ ತಪ್ಪು. ಅದಕ್ಕೇ ಹಾಡಿಲ್ಲದ ಜಾಗ ಬೇಕು ಎಂದದ್ದು, 120 ಮತ್ತು 180ರ ಬಳಿಯ ಗೆರೆಗಳನ್ನೂ ತಾಳೆ ನೋಡಬೇಕು. ಎರಡನೆಯದು ನಮ್ಮ ಕಡೆಯದೇ: ಭಾರತದಲ್ಲಿ ಇಳಿಸಿದರೆ ನಿಮ್ಮ ಮನೆಯ 50 ಹರ್ಟ್ಸೂ ಫೈಲಿಗೆ ಸೇರುತ್ತದೆ. ಅಮೆರಿಕದ ಟೇಪಾದರೆ 60ರ ಹತ್ತಿರದ್ದು ಟೇಪಿನದು, ಕರಾರುವಾಕ್ಕಾಗಿ 50ರದ್ದು ನಿಮ್ಮದು ಎಂದು ಬೇರೆ ಮಾಡಬಹುದು. ಬ್ರಿಟನ್ನಿನ ಟೇಪಾದರೆ ಎರಡೂ ಒಂದರ ಮೇಲೊಂದು. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಚ್ಚಿ ಬ್ಯಾಟರಿಯಲ್ಲಿ ಓಡಿಸಿ, ಕ್ಯಾಸೆಟ್ ಇಲ್ಲದೆ ಒಂದು ನಿಮಿಷ ರೆಕಾರ್ಡ್ ಮಾಡಿ, ನಿಮ್ಮದು ಎಷ್ಟಿದೆ ಎಂದು ಮೊದಲೇ ನೋಡಿಕೊಳ್ಳಿ.

ಶುರುವಿನಲ್ಲಿ 60.3, ಕೊನೆಯಲ್ಲಿ 62 ಬಂದರೆ ಸೆಲ್ಲು ಷೋ ನಡುವೆಯೇ ಸೋತಿದೆ. ಆಗ ಒಂದೇ ಸಂಖ್ಯೆ ಸಾಲದು. ಐದೈದು ನಿಮಿಷಕ್ಕೊಮ್ಮೆ ಅಳೆದು, ರೀಪರ್ ಎಂಬ ಸಾಫ್ಟ್‌ವೇರಿನ ಪ್ಲೇರೇಟ್ ಎನ್ವಲಪ್ಪಿನಲ್ಲಿ (ವೇಗ ಬದಲಾಗುವ ಗೆರೆ) ಚುಕ್ಕೆ ಇಟ್ಟು ಜೋಡಿಸಬೇಕು.

ಸದ್ದು ತೆಗೆಯುವುದೋ ಬಿಡುವುದೋ

ಒಡಾಸಿಟಿಯ ನಾಯ್ಸ್ ರಿಡಕ್ಷನ್ ಪುಕ್ಕಟೆ. ಐಝೋಟೋಪ್ ಆರ್‌ಎಕ್ಸ್ ದುಬಾರಿ, ಕೆಲಸ ಹೆಚ್ಚು ನಾಜೂಕು. ಎರಡೂ ಮಾಡುವುದು ಒಂದೇ: ಬರೀ ಹಿಸ್ಸಿರುವ ತುಂಡಿನ ಮಾದರಿ ತೆಗೆದುಕೊಂಡು, ಅದಕ್ಕೆ ಹೋಲುವುದನ್ನು ಉಳಿದೆಡೆ ತಗ್ಗಿಸುವುದು. ಷೋ ನಡುವೆ ಬರೀ ಹಿಸ್ಸಿರುವ ಜಾಗವೇ ಇಲ್ಲ, ಜನ ಗಲಾಟೆ ಮಾಡುತ್ತಲೇ ಇರುತ್ತಾರೆ. ಆ ಗಲಾಟೆಯನ್ನೇ ಮಾದರಿಯಾಗಿ ಕೊಟ್ಟರೆ ಸಿಂಬಲ್ಲು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಮಾಡಲೇಬೇಕು ಎಂದರೆ 6 ಡೆಸಿಬೆಲ್ ಮೀರಬೇಡಿ. ಹಾಡಿನ ಜೋರಿನಲ್ಲಿ ಹಿಸ್ಸು ಹೇಗೂ ಮುಳುಗಿರುತ್ತದೆ, ಹಾಗೆಯೇ ಬಿಟ್ಟುಬಿಡಿ ಎನ್ನುವುದೇ ನಮ್ಮ ಸಲಹೆ. ಗುಂಯ್ ಸದ್ದಿಗೂ ಅಷ್ಟೇ. 60, 120, 180ರಲ್ಲಿ ಕೊಯ್ದರೆ ಬಾಸಿನ ಹೊಟ್ಟೆ ಟೊಳ್ಳಾಗುತ್ತದೆ.

ಇಕ್ವಲೈಸರಿನಿಂದ ಮಾತ್ರ ನಿಜವಾದ ಉಪಕಾರವಿದೆ. 40 ಹರ್ಟ್ಸಿನ ಕೆಳಗಿನದು ಕತ್ತರಿಸಿ, ಅಲ್ಲಿರುವುದು ಮೈಕನ್ನು ಸವರಿದ ಬಟ್ಟೆ, ನೆಲದ ಅದುರು. ತಗ್ಗು ಚಾವಣಿಯ ಕ್ಲಬ್ಬುಗಳಲ್ಲಿ 200ರಿಂದ 400ರ ನಡುವೆ ಬಾನಿಯೊಳಗೆ ಕೂಗಿದಂಥ ಗುಡುಗು ಇರುತ್ತದೆ, ಅಲ್ಲಿ 2ರಿಂದ 4 ಡೆಸಿಬೆಲ್ ತಗ್ಗಿಸಿ. ಮಾತು ತಿಳಿಯದಿದ್ದರೆ 3,000ದ ಆಸುಪಾಸು 2 ಏರಿಸಿ. ಅಷ್ಟು ಸಾಕು.

ರಿಪೇರಿಯಾಗದ ಎರಡು ದೋಷಗಳಿವೆ, ಅವುಗಳ ಮೇಲೆ ರಾತ್ರಿಗಟ್ಟಲೆ ಕೂರಬೇಡಿ. ಅಗ್ಗದ ರೆಕಾರ್ಡರುಗಳ ಆಟೋಮ್ಯಾಟಿಕ್ ಲೆವೆಲ್ಲು ಪ್ರತಿ ಡ್ರಮ್ ಏಟಿಗೂ ಉಳಿದದ್ದನ್ನು ಕೆಳಗೆ ತುಳಿದು ಮತ್ತೆ ಎತ್ತುತ್ತದೆ. ಎಕ್ಸ್‌ಪಾಂಡರ್ (ಜೋರು-ಮೆಲ್ಲನೆಯ ಅಂತರ ಹಿಗ್ಗಿಸುವ ಎಫೆಕ್ಟು) ಹಾಕಿ ಬಿಡಿಸಹೋದರೆ ಏದುಸಿರು ಬಿಟ್ಟಂತಾಗುತ್ತದೆ. ಇನ್ನೊಂದು, ಸ್ಪೀಕರಿನ ಮುಂದೆಯೇ ನಿಂತು ಮೈಕೇ ಒಡೆದುಹೋದ ಸದ್ದು. ಒಡೆದ ಸದ್ದನ್ನು ಸರಿಮಾಡುವ ಡಿಕ್ಲಿಪ್ಪರುಗಳು ಅಲೆಯ ಚಪ್ಪಟೆ ತಲೆಯನ್ನು ಹುಡುಕುತ್ತವೆ. ಟೇಪಿನ ಮೂಲಕ ಬಂದ ಮೇಲೆ ಆ ತಲೆ ಓರೆಯಾಗಿರುತ್ತದೆ, ಅವುಗಳಿಗೆ ಸಿಗುವುದೇ ಇಲ್ಲ.

ಈಗ ಡೆಮುಕ್ಸ್ ಥರದ ಎಐ ಸಾಧನಗಳು ಹಾಡುಗಾರಿಕೆ, ಡ್ರಮ್ಸ್, ಬಾಸ್, ಉಳಿದದ್ದು ಎಂದು ಬೇರೆ ಮಾಡಿಕೊಡುತ್ತವೆ. ಪೂರ್ತಿ ಬೇರ್ಪಡಿಸಿ ಹೊಸ ಮಿಕ್ಸ್ ಕಟ್ಟಿದರೆ ಪ್ಲಾಸ್ಟಿಕ್ ಹೂವಿನಂತಿರುತ್ತದೆ. ಬೇರೆ ಮಾಡಿದ ಹಾಡುಗಾರಿಕೆಯನ್ನು ಮೂಲದ ಮೇಲೆಯೇ ತುಸು ಬೆರೆಸಿ 2-3 ಡೆಸಿಬೆಲ್ ಎತ್ತುವುದು ಕೆಲವೊಮ್ಮೆ ಚೆನ್ನಾಗಿ ಒದಗುತ್ತದೆ. ಹಾರ್ಡ್‌ಕೋರ್ (ಇನ್ನೂ ಬಿರುಸಿನ ಪಂಕ್) ಷೋಗಳಲ್ಲಿ ಹಾಡುಗಾರ ಮೈಕನ್ನು ಜನರ ಕಡೆ ಚಾಚುತ್ತಾನೆ, ಎಲ್ಲರೂ ಮೈಮೇಲೆ ಬಿದ್ದು ಕಿರುಚುತ್ತಾರೆ. ಅಲ್ಲಿ ಯಾರ ದನಿ ಯಾರದ್ದು ಎಂದು ಯಾವ ಎಐಗೂ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಹಾಡು ಕತ್ತರಿಸುವಾಗ ಒನ್-ಟೂ-ತ್ರೀ-ಫೋರ್ ಎಣಿಕೆಯಿಂದ ಹೊಸ ಟ್ರ್ಯಾಕ್ ಶುರು ಮಾಡಿ, ಸ್ಟೇಜಿನ ಮಾತುಕತೆ ಹಿಂದಿನ ಟ್ರ್ಯಾಕಿನ ಬಾಲಕ್ಕಿರಲಿ. ನಡುನಡುವೆ ಫೇಡ್ ಬೇಡ. ಕೊನೆಗೆ ಪೀಕ್ ಮೈನಸ್ 1 ಡೆಸಿಬೆಲ್ಲಿಗೆ ತಂದು ನಿಲ್ಲಿಸಿ.

ಎಲ್ಲಿ ಹಂಚುವುದು

ಮೊದಲು ಕಾನೂನು. ಕ್ಯಾಸೆಟ್ ನಿಮ್ಮದಾದ ಮಾತ್ರಕ್ಕೆ ಸಂಗೀತ ನಿಮ್ಮದಲ್ಲ. ಒಪ್ಪಿಗೆಯಿಲ್ಲದೆ ಷೋ ಹಿಡಿದು ಹಂಚುವುದರ ವಿರುದ್ಧ ಅಮೆರಿಕದಲ್ಲಿ 1994ರಿಂದ ಒಕ್ಕೂಟ ಕಾನೂನಿದೆ. ಬ್ರಿಟನ್ನಿನಲ್ಲೂ ಪ್ರದರ್ಶಕರ ಹಕ್ಕಿದೆ. ಭಾರತದ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ನಿನ ಪ್ರಕಾರ ಆ ಹಕ್ಕು 50 ವರ್ಷ ನಡೆಯುತ್ತದೆ. ಮಾರುವಂತಿಲ್ಲ ಎನ್ನುವುದು ಟೇಪು ವಿನಿಮಯ ಮಾಡುವವರ ಹಳೆಯ ಕಟ್ಟಳೆಯೂ ಹೌದು.

ಆದ್ದರಿಂದ ಮೊದಲ ಬಾಗಿಲು ಬ್ಯಾಂಡಿನದು ಅಥವಾ ಅದರ ರೆಕಾರ್ಡ್ ಲೇಬಲ್ಲಿನದು, ಅಂದರೆ ಅವರ ಆಲ್ಬಂ ಹೊರತರುವ ಕಂಪನಿಯದು. ಕಚ್ಚಾ ಫೈಲು ಕಳಿಸಿ ಕೇಳಿ. ಎಷ್ಟು ಚೆನ್ನಾಗಿ ಇದನ್ನು ಮಾಡಬಹುದು ಎಂಬುದಕ್ಕೆ ಫುಗಾಝಿ ಇದೆ: 1987ರಿಂದ 2002ರವರೆಗೆ ಸಾವಿರಕ್ಕೂ ಹೆಚ್ಚು ಷೋ ಕೊಟ್ಟ ವಾಷಿಂಗ್ಟನ್ನಿನ ಬ್ಯಾಂಡು. ಅವರ ಸೌಂಡ್ ಎಂಜಿನಿಯರುಗಳು ಎಂಟುನೂರಕ್ಕೂ ಹೆಚ್ಚು ಷೋಗಳನ್ನು ಹಿಡಿದಿಟ್ಟಿದ್ದರು. ಡಿಸ್ಕಾರ್ಡ್ (Dischord) ಎಂಬ ರೆಕಾರ್ಡ್ ಲೇಬಲ್ 2011ರ ಡಿಸೆಂಬರಿನಿಂದ ಅವನ್ನು ಬಿಡತೊಡಗಿತು. ಒಂದು ಷೋಗೆ 5 ಡಾಲರ್ ಎಂದಿಟ್ಟು, 1ರಿಂದ 100ರವರೆಗೆ ನಿಮಗೆ ತೋಚಿದ್ದು ಕೊಡಿ ಎಂದಿತು. ಸದ್ದು ಹೇಗಿದೆ ಎಂದು ಪ್ರತಿ ಷೋಗೂ ಮುಚ್ಚುಮರೆಯಿಲ್ಲದೆ ದರ್ಜೆ ಕೊಟ್ಟದ್ದು ಅದಕ್ಕಿಂತ ಮುಖ್ಯ. ಕಳಪೆಯದನ್ನು ತಿದ್ದಿ ತೀಡಿ ಚೆಂದ ಮಾಡಹೋಗಲಿಲ್ಲ.

ಬ್ಯಾಂಡ್ ಒಪ್ಪಿದರೆ ಇಂಟರ್ನೆಟ್ ಆರ್ಕೈವಿನ ಲೈವ್ ಮ್ಯೂಸಿಕ್ ಆರ್ಕೈವ್ ಒಳ್ಳೆಯ ಜಾಗ. 2002ರಿಂದ ನಡೆಯುತ್ತಿದೆ, ಒಪ್ಪಿಗೆ ಕೊಟ್ಟ ಬ್ಯಾಂಡುಗಳದ್ದನ್ನು ಮಾತ್ರ ಸೇರಿಸಿಕೊಳ್ಳುತ್ತದೆ, ನಷ್ಟವಿಲ್ಲದ ಫೈಲನ್ನೇ ಇಡುತ್ತದೆ. ಯೂಟ್ಯೂಬಿನಲ್ಲಿ ಕೇಳುವವರು ಎಲ್ಲಕ್ಕಿಂತ ಹೆಚ್ಚು, ಉಳಿಯುವ ಖಾತ್ರಿ ಎಲ್ಲಕ್ಕಿಂತ ಕಡಿಮೆ. ಸದ್ದನ್ನು ಅದು ಮತ್ತೆ ಹಿಂಡುತ್ತದೆ, ಒಂದು ಹಕ್ಕಿನ ದೂರು ಬಂದರೆ ವಿಡಿಯೋ ಹೋಯಿತು. ಕಿಟಕಿಯಾಗಿ ಬಳಸಿ, ಉಗ್ರಾಣವಾಗಿ ಬೇಡ. ಟೊರೆಂಟ್ ಕೂಟಗಳಲ್ಲಿ ಜಾಣ ಕಿವಿಗಳು ಸಿಗುತ್ತವೆ, ತಪ್ಪು ತಾರೀಕನ್ನು ಒಂದೇ ದಿನದಲ್ಲಿ ಹಿಡಿಯುತ್ತಾರೆ. ಆದರೆ ಸೀಡ್ ಮಾಡುವವರು (ತಮ್ಮ ಕಂಪ್ಯೂಟರಿನಿಂದ ಫೈಲು ಹಂಚುವವರು) ಎದ್ದುಹೋದ ದಿನ ಫೈಲೂ ಇಲ್ಲ. ಕ್ಯಾಸೆಟ್ಟೇ ಉಳಿಯಬೇಕು ಎಂದಿದ್ದರೆ ಗ್ರಂಥಾಲಯ. ವಾಷಿಂಗ್ಟನ್ ಸಾರ್ವಜನಿಕ ಗ್ರಂಥಾಲಯ 2014ರಿಂದ ಡಿಸಿ ಪಂಕ್ ಆರ್ಕೈವ್ ನಡೆಸುತ್ತಿದೆ, ಆ ಊರಿನ ಷೋ ಆಗಿದ್ದರೆ ಮೊದಲು ಅಲ್ಲಿಗೇ ಬರೆಯಿರಿ.

ಎಲ್ಲೇ ಹಾಕಿ, ಜೊತೆಗೊಂದು ಟೆಕ್ಸ್ಟ್ ಫೈಲಿರಲಿ: ಬ್ಯಾಂಡು, ಜಾಗ, ಊರು, ಮೂಲ ಪ್ರತಿಯೋ ಎಷ್ಟನೇ ನಕಲೋ, ಕ್ಯಾಸೆಟ್ಟಿನ ಬಗೆ, ಡೆಕ್ಕು, ಡಾಲ್ಬಿ ಇತ್ತೋ ಇಲ್ಲವೋ, ವೇಗ ಎಷ್ಟು ತಿದ್ದಿದಿರಿ, ಎಲ್ಲಿ ಬದಿ ಬದಲಾಗಿ ಹಾಡು ತುಂಡಾಗಿದೆ. ಹಿಡಿದವರ ಹೆಸರನ್ನು ಅವರನ್ನು ಕೇಳಿಯೇ ಹಾಕಿ. ತಾರೀಕನ್ನು 1987-07-06 ಎಂದು ವರ್ಷದಿಂದ ಬರೆಯಿರಿ. ಲೇಬಲ್ಲಿನ 6/7/87 ಅಮೆರಿಕದಲ್ಲಿ ಜೂನ್ 7, ಬ್ರಿಟನ್ನಿನಲ್ಲಿ ಜುಲೈ 6. ಆ ಕಾಲದ ಪೋಸ್ಟರಿನ ಜೊತೆ ತಾಳೆ ನೋಡದೆ ಲೇಬಲ್ ನಂಬಬೇಡಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ 924 ಗಿಲ್ಮನ್ ಎಂಬ ಪಂಕ್ ಕ್ಲಬ್ ಬಾಗಿಲು ತೆರೆದದ್ದು 1986ರ ಡಿಸೆಂಬರ್ 31ರಂದು. 'ಗಿಲ್ಮನ್ 86' ಎಂದು ಬರೆದ ಕ್ಯಾಸೆಟ್ಟು ಒಂದೋ ಆ ಒಂದು ರಾತ್ರಿಯದು, ಇಲ್ಲವೇ ಲೇಬಲ್ ತಪ್ಪು.

ಅಪ್‌ಲೋಡ್ ಒತ್ತುವ ಮುಂಚೆ ಮಾತುಕತೆಯ ಜಾಗಗಳನ್ನೆಲ್ಲ ಒಮ್ಮೆ ಕೇಳಿ. ಊರೂರು ಸುತ್ತುವ ಬ್ಯಾಂಡುಗಳು ಇವತ್ತು ರಾತ್ರಿ ಮಲಗೋಕೆ ಯಾರಾದರೂ ಜಾಗ ಕೊಡ್ತೀರಾ ಎಂದು ಸ್ಟೇಜಿನಿಂದಲೇ ಕೇಳುತ್ತಿದ್ದವು, ಕೆಳಗಿನಿಂದ ಯಾರೋ ಫೋನ್ ನಂಬರು, ಮನೆ ವಿಳಾಸ ಕೂಗಿರುತ್ತಾರೆ. ಹಂಚುವ ಪ್ರತಿಯಲ್ಲಿ ಆ ಮೂರು ಸೆಕೆಂಡ್ ಮ್ಯೂಟ್ ಮಾಡಿ, ಟೆಕ್ಸ್ಟ್ ಫೈಲಿನಲ್ಲಿ ಅದನ್ನೂ ಬರೆಯಿರಿ. ಕಚ್ಚಾ ಫೈಲಿನಲ್ಲಿ ಮುಟ್ಟಬೇಡಿ.